ಹದಿನೈದನೆಯ ಯುದ್ಧದ ಕೊನೆಯ ದಾಳ

ದರ್ಜಿ ಹೊಸ ದಾಳವನ್ನು ಮೇಜಿನ ಮೇಲಿಟ್ಟ ಸದ್ದು ಗಡಿಯಾರ ರಿಪೇರಿಯವನ ಕಿವಿಗೆ ಸರಿಬರಲಿಲ್ಲ. ನಲವತ್ತು ವರ್ಷ ಗಡಿಯಾರಗಳ ನಡುವೆ ಪಳಗಿದ ಕಿವಿ ಅದು. ಒಳಗೆ ಏನೋ ಸೇರಿಕೊಂಡಿದೆ ಎಂದಿತು.

"ಹಳೇ ದಾಳಕ್ಕೇನಾಯ್ತು?"

"ಸವೆದುಹೋಯ್ತು," ಎಂದಳು ಆಕೆ, ಕಣ್ಣೆತ್ತದೆ.

ಅವನ ಅಂಗಡಿಯ ಹಿಂದಿನ ಕೋಣೆ, ಭಾನುವಾರದ ಮಧ್ಯಾಹ್ನ. ಮೇಜಿನಗಲ ಹಾಸಿದ ನಕ್ಷೆಯ ಮೇಲೆ ಎರಡು ರಾಜ್ಯಗಳು ಇಪ್ಪತ್ತಮೂರು ವರ್ಷಗಳಿಂದ ಕಾದಾಡುತ್ತಿದ್ದವು. ಉತ್ತರಕ್ಕೆ ದರ್ಜಿಯೇ ರಾಣಿ. ದಕ್ಷಿಣಕ್ಕೆ ಆಕೆಯ ಗಂಡನ ಅಣ್ಣ, ಹಲ್ಲಿನ ಡಾಕ್ಟರು, ದೊರೆ. ಗಡಿಯಾರದವನು ಇಬ್ಬರಿಗೂ ತೀರ್ಪುಗಾರ. ರೆಕ್ಕೆಯ ಹಾವು, ಮಾತಾಡುವ ಕಾಡು, ಮಂತ್ರದ ಕೋಟೆಗಳಿದ್ದ ಆ ಲೋಕದಲ್ಲಿ ಅವನಿಗೆ ಅಚ್ಚುಮೆಚ್ಚಾದದ್ದು ಯುದ್ಧವಲ್ಲ, ಯುದ್ಧದ ಮರುವಾರ.

ಮರುವಾರ ಯಾರೂ ಆಡುತ್ತಿರಲಿಲ್ಲ. ಸುಟ್ಟ ಊರುಗಳಿಗೆ ನಕ್ಷೆಯಲ್ಲಿ ಮಸಿ ಬಳಿದು, ಇನ್ನೆರಡು ಯುದ್ಧ ಮುಗಿಯುವ ತನಕ ಹಾಗೆಯೇ ಬಿಡುತ್ತಿದ್ದರು. ಕೈಕಾಲು ಮುರಿದ ಬೊಂಬೆ ಸೈನಿಕರಿಗೆ ಡಾಕ್ಟರು ಹಲ್ಲಿಗೆ ತುಂಬುವ ಸಿಮೆಂಟು ಹಚ್ಚಿದರೆ, ದರ್ಜಿ ಅಸ್ತರಿನ ಚೂರುಗಳಿಂದ ಪಟ್ಟಿ ಕಟ್ಟುತ್ತಿದ್ದಳು. ಗಾಯಾಳುಗಳಿಗೆ ಬಿಸ್ಕತ್ತಿನ ಡಬ್ಬಿಯಲ್ಲಿ ಒಂದು ವರ್ಷ ವಿಶ್ರಾಂತಿ. ಎಲ್ಲ ಮುಗಿದ ಮೇಲೆ ಕೆಂಪು ರಟ್ಟಿನ ಪುಸ್ತಕ ಹೊರಬರುತ್ತಿತ್ತು. ಮೊದಲ ಯುದ್ಧ ಗೆದ್ದ ದರ್ಜಿ ಜಂಬ ಕೊಚ್ಚಿದ ರೀತಿಗೆ ಭಾವನವರು ಮೂರು ತಿಂಗಳು ಮುಖ ತೋರಿಸಿರಲಿಲ್ಲ. ಆಗ ಗಡಿಯಾರದವನು ಒಂದು ಕಟ್ಟಳೆ ಮಾಡಿದ: ಗೆದ್ದವರಿಗೆ ನೆಲ, ಸೋತವರಿಗೆ ಪೆನ್ನು. ಕಾದಾಡಿ ಸೋತವರು ಪುಸ್ತಕದಲ್ಲಿ ಏನು ಬರೆಯುತ್ತಾರೋ ಆ ಲೋಕದಲ್ಲಿ ನಡೆದದ್ದು ಅದೇ. ಶರಣಾದವರಿಗೆ ಪೆನ್ನಿಲ್ಲ.

ಭಾವ ಹದಿನಾಲ್ಕು ಸಲ ಸೋತು ಹದಿನಾಲ್ಕು ಅಧ್ಯಾಯ ಬರೆದಿದ್ದರು. 'ಆ ದಿನ ರಾಣಿಯ ಕುದುರೆ ಅಪ್ರತಿಮ ಶೌರ್ಯ ಮೆರೆಯಿತು. ರಾಣಿ ಅದರ ಮೇಲಿದ್ದಳು' ಎಂಬುದು ಅವರ ಶೈಲಿ. ಐದನೆಯ ಅಧ್ಯಾಯದಲ್ಲಿ ರಾಣಿಗೆ ಮೀಸೆ ಮೂಡಿತು. ಒಂಬತ್ತನೆಯದರಲ್ಲಿ ಅದು ನರೆಯಿತು. ಕಟ್ಟಳೆಯಂತೆ ದರ್ಜಿ ತನ್ನ ಬೊಂಬೆಗೆ ತಾನೇ ಬಿಳಿ ಬಣ್ಣ ಹಚ್ಚಿ, ತುಟಿ ಬಿಚ್ಚದೆ ಮನೆಗೆ ಹೋಗಿದ್ದಳು. ಗೆದ್ದವಳ ದೊಡ್ಡತನ ಎಂದರೆ ಇದು ಎಂದು ಗಡಿಯಾರದವನು ಮೆಚ್ಚಿಕೊಂಡಿದ್ದ.

ಈಚೆಗೆ ಆಕೆಯ ವ್ಯೂಹಗಳು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಕುದುರೆಪಡೆಯನ್ನು ಜೌಗಿಗೆ ಇಳಿಸಿದಳು. ಬಿಲ್ಲುಗಾರರನ್ನು ಬಿರುಮಳೆಯಲ್ಲಿ ಬಯಲಿಗೆ ನಿಲ್ಲಿಸಿದಳು. ಪ್ರತಿ ಸಲವೂ ದಾಳ ಆಕೆಯ ಕೈ ಹಿಡಿಯಿತು. ಭಾವನವರಂತೂ ಆ ಜೌಗಿನ ತಂತ್ರವನ್ನು ಗುಟ್ಟಾಗಿ ಅಭ್ಯಾಸ ಮಾಡಿ ತಮ್ಮ ಅರ್ಧ ಸೇನೆಯನ್ನು ಮುಳುಗಿಸಿಕೊಂಡಿದ್ದರು.

ಹದಿನೈದನೆಯ ಯುದ್ಧವೂ ಈಗ ಒಂದೇ ದಾಳಕ್ಕೆ ಬಂದು ನಿಂತಿತ್ತು. ನಾಲ್ಕು ಅಥವಾ ಹೆಚ್ಚು ಬಿದ್ದರೆ ದಕ್ಷಿಣದ ಕೋಟೆ ರಾಣಿಗೆ. ಕಡಿಮೆ ಬಿದ್ದರೆ ಉತ್ತರವೆಲ್ಲ ದೊರೆಗೆ.

"ಹದಿನಾಲ್ಕಾಯ್ತಲ್ಲ ಮಹಾರಾಣಿ, ಇನ್ನೂ ಹೊಟ್ಟೆ ತುಂಬಿಲ್ವಾ?" ಎಂದರು ಭಾವ.

"ತುಂಬಿ ತುಳುಕ್ತಾ ಇದೆ ಭಾವ. ಅದಕ್ಕೇ ಇವತ್ತು ಏನಾದ್ರೂ ಆಗ್ಲಿ, ಮುಗಿಸೇ ಬಿಡ್ತೀನಿ."

"ನಮಗೂ ಒಂದ್ಸಲ ಆ ಸಿಂಹಾಸನದ ಮೆತ್ತೆ ಹೇಗಿದೆ ಅಂತ ನೋಡೋಕೆ ಬಿಡಿ."

"ಬೇಡ ಅಂದೋರು ಯಾರು?"

ಕೊನೆಯ ದಾಳಕ್ಕೆ ಮೊದಲು ಕಾಲು ಗಂಟೆ ಬಿಡುವು. ಸಂಧಿಯ ಯೋಚನೆ ಬಂದರೆ ಬರಲಿ ಎಂದು. ಇಷ್ಟು ವರ್ಷಗಳಲ್ಲಿ ಯಾರಿಗೂ ಬಂದಿರಲಿಲ್ಲ. ಎದುರಿನ ಅಂಗಡಿಗೆ ಹೋಗಿ ಚಹಾ ಕುಡಿದು ಬರುತ್ತಿದ್ದರು. ಇಬ್ಬರೂ ಅತ್ತ ಹೋದೊಡನೆ ಗಡಿಯಾರದವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ದಾಳವನ್ನು ಎತ್ತಿಕೊಂಡ.

ಆರರ ಮುಖದ ಚುಕ್ಕಿಗಳ ಮೇಲೆ ಹೊಸ ಬಣ್ಣ. ಸೂಜಿಯಿಂದ ಕೆರೆದ. ಅಡಿಯಲ್ಲಿ ಸೀಸ; ಪರದೆ ಗಾಳಿಗೆ ಹಾರದಂತೆ ದರ್ಜಿಗಳು ಅಂಚಿನೊಳಗಿಟ್ಟು ಹೊಲಿಯುವಂಥ ಸೀಸ. ಮಿಕ್ಕ ಐದು ಮುಖಗಳನ್ನು ಮುಟ್ಟಿಯೇ ಇರಲಿಲ್ಲ, ಆರಕ್ಕೇ ಕೈಹಾಕಿದ್ದಳು.

ಮೋಸ ಕಂಡ ದಿನ ನಕ್ಷೆಯನ್ನು ಶಾಶ್ವತವಾಗಿ ಮಡಿಸಬೇಕು. ಅದೂ ಅವನೇ ಮಾಡಿದ ಕಟ್ಟಳೆ. ಬಾಯಿಬಿಟ್ಟರೆ ಇಪ್ಪತ್ತಮೂರು ವರ್ಷದ ಲೋಕವೊಂದು ಸಂಜೆಯೊಳಗೆ ಮಣ್ಣುಪಾಲು. ಸುಮ್ಮನಿದ್ದರೆ ಪಾಪದ ಡಾಕ್ಟರ ಕುತ್ತಿಗೆಗೆ ಕತ್ತರಿ. ಹಿಂದಿನ ಹದಿನಾಲ್ಕರಲ್ಲಿ ಎಷ್ಟು ಹೀಗೆ ಗೆದ್ದದ್ದೋ ಎಂಬ ಅನುಮಾನ ಬೇರೆ ಹೊಕ್ಕಿತು.

ಹೊರಗೆ ಚಪ್ಪಲಿ ಸದ್ದಾಯಿತು. ದಾಳವನ್ನು ಒಮ್ಮೆ ಉರುಳಿಸಿ ನೋಡುವಷ್ಟೂ ಹೊತ್ತಿರಲಿಲ್ಲ. ಖಾನೆಯಿಂದ ಅದೇ ಬಣ್ಣದ, ತಾನೇ ತೂಗಿ ನೋಡಿದ್ದ ಶುದ್ಧ ದಾಳವೊಂದನ್ನು ತೆಗೆದು ಮೇಜಿನ ಮೇಲಿಟ್ಟು, ಕಳ್ಳ ದಾಳವನ್ನು ಜೇಬಿಗೆ ಇಳಿಸಿದ.

ದರ್ಜಿ ಕಣ್ಣು ಮುಚ್ಚಿ ದಾಳ ಬಿಟ್ಟಳು.

ಆರು.

ಆಕೆಯ ಮುಖದಲ್ಲಿ ರಕ್ತವೇ ಇರಲಿಲ್ಲ. ಭಾವ ತಮ್ಮ ದೊರೆಯ ಬೊಂಬೆಯನ್ನು ಮೆಲ್ಲಗೆ ಮಲಗಿಸಿ, ಜೇಬಿನಿಂದ ಪೆನ್ನು ತೆಗೆದರು. "ಹೋಗ್ಲಿ ಬಿಡಿ. ಈ ಸಲ ಸ್ವಲ್ಪ ವಿವರವಾಗಿ ಬರೀತೀನಿ," ಎಂದರು, ತೃಪ್ತಿಯಿಂದ.

ಬಾಗಿಲ ಬಳಿ ಗಡಿಯಾರದವನು ಆಕೆಯನ್ನು ನಿಲ್ಲಿಸಿ, ದನಿ ತಗ್ಗಿಸಿದ. "ನಿಮ್ಮ ದಾಳ ನಾನೇ ಬದಲಾಯಿಸಿದ್ದು. ಯಾರಿಗೂ ಹೇಳಲ್ಲ, ಹೆದರಬೇಡಿ. ನೋಡಿ, ಮೋಸ ಇಲ್ಲದೇನೂ ಗೆದ್ರಲ್ಲ."

ದರ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಹದಿನಾಲ್ಕೂ ಹಾಗೇ ಗೆದ್ದಿದ್ದು ಸ್ವಾಮೀ, ಆರರ ಹೊಟ್ಟೆಗೆ ಸೀಸ ತುಂಬಿದ್ರೆ ಅದು ಕೆಳಗೆ ಹೋಗಿ ಮೇಲೆ ಬೀಳೋದು ಒಂದರ ಮುಖ; ಒಂದೇ ಒಂದ್ಸಲ ಸೋತು ಪೆನ್ನು ಹಿಡಿಯೋಣ ಅಂತ ನಾಲ್ಕು ವಾರ ಕೂತು ಮಾಡಿದ್ದೆ."