ಇಪ್ಪತ್ತಾರನೇ ನಂಬರು

ಸಂಡೂರಿನ ಹೆರಿಗೆ ವಾರ್ಡಿನಲ್ಲಿ ಕೂಸಿನ ತೂಕದ ಜೊತೆಗೆ, ಅದು ಹುಟ್ಟಿದ ಗಳಿಗೆಯಲ್ಲಿ ಬಾಹ್ಯಾಕಾಶದಿಂದ ಬಂದು ಉಪಗ್ರಹಕ್ಕೆ ಸಿಕ್ಕ ವಿಶ್ವಕಿರಣದ ಕಣ ಯಾವ ಧಾತುವಿನದೆಂದೂ ಬರೆದುಕೊಡುತ್ತಾರೆ. ನಮ್ಮ ಓಣಿಯ ಮಕ್ಕಳೆಲ್ಲ ಒಂದನೇ ನಂಬರು, ಹೈಡ್ರೋಜನ್.

ನನ್ನ ಮಗಳು ಒಂದೂವರೆ ಕೆಜಿ, ಗಾಜಿನ ಪೆಟ್ಟಿಗೆಯಲ್ಲಿದ್ದಳು. ಕಬ್ಬಿಣವಿದ್ದರೆ ಗಾಳಿ ಸೋಕುವುದಿಲ್ಲವೆಂದು ಅತ್ತೆ ತಮ್ಮ ಅಡಕತ್ತರಿಯನ್ನು ಪೆಟ್ಟಿಗೆಯ ಕೆಳಗಿಟ್ಟು, ಮೂರು ದಿನದಿಂದ ಎಲೆ ಅಡಿಕೆ ಹಾಕಲಾಗದೆ ಸಿಡುಕುತ್ತಿದ್ದರು.

ನರ್ಸ್ ಜೈತುನ್ ಕಿರಣದ ಚೀಟಿ ತಂದಳು. "ತಡ ಆತ್ರಿ ಅಕ್ಕ. ಅಪರೂಪದ್ದು ಅಂತ ಎರಡು ಸಲ ನೋಡ್ಯಾರ. ಇಪ್ಪತ್ತಾರನೇ ನಂಬರು, ಕಬ್ಬಿಣ."

"ಕಬ್ಬಿಣಾನಾ?" ಅತ್ತೆ ಎದ್ದರು. "ನಮ್ಮೂರಾಗ ನೆಲ ಅಗದ್ರ ಸಿಗೋದು, ಮ್ಯಾಲಿಂದ ಹೆಂಗ ಬಂತು?"

"ಯಾವ್ದೋ ನಕ್ಷತ್ರ ಸಿಡಿದು ಬಂದೈತಂತ್ರಿ ಅಮ್ಮ."

ಅತ್ತೆ ಗಾಜಿಗೆ ಮೂಗು ಹಚ್ಚಿ ಕೂಸನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬಗ್ಗಿ ಅಡಕತ್ತರಿ ತೆಗೆದುಕೊಂಡರು.

"ತನ್ನ ಕಬ್ಬಿಣ ತಾನೇ ತಂದಾಳ," ಎಂದು ಕಟಕ್ಕನೆ ಅಡಿಕೆ ಹೋಳು ಮಾಡಿದರು.