ದಾನಿಯ ಬುತ್ತಿ

ಊರಿನ ಕಾಲೇಜಿನಲ್ಲಿ ಚಳಿಗಾಲದ ಗಣಿತದ ಕೋರ್ಸು ಹದಿನೈದೇ ದಿನ. ಆದರೆ ಆ ಕಟ್ಟಡದ ಬಾಗಿಲು ಹಾಕಿದರೆ, ಹೊರಗೆ ಒಂದು ಹಗಲು ಕಳೆಯುವಷ್ಟರಲ್ಲಿ ಒಳಗೆ ಒಂದು ತಿಂಗಳು ಕಳೆದಿರುತ್ತದೆ. ಮಲಗುವ ಕೋಣೆ, ಮೆಸ್ಸು ಎಲ್ಲ ಒಳಗೇ.

ನಾಲ್ಕನೆಯ ಸಂಜೆ ಮನೆಗೆ ಬಂದ ದಾನೇಶ್ವರಿ, ರೊಟ್ಟಿ ಬಡಿಯುತ್ತಿದ್ದ ಅವ್ವನನ್ನು ಹಿಂದಿನಿಂದ ಅಪ್ಪಿಕೊಂಡಳು.

"ಬಿಡ, ಹಿಟ್ಟು ಹತ್ತತೈತಿ. ಮುಂಜಾನಿ ಹ್ವಾದಾಕಿ, ವರ್ಷ ಆದಂಗ ಮಾಡ್ತಿ," ಎಂದಳು ಕಸ್ತೂರೆವ್ವ.

ದಾನಿ ಬಿಡಲಿಲ್ಲ. ಆ ಸೀರೆಯ ಒಲೆಹೊಗೆಯ ವಾಸನೆಯನ್ನು ನೆನೆಯುತ್ತಲೇ ಅವಳು ಮೂವತ್ತು ರಾತ್ರಿ ಮಲಗಿದ್ದಳು. ಅವ್ವ ದಿನಾ ಮಧ್ಯಾಹ್ನದ ಊಟಕ್ಕೆಂದು ಎರಡು ಮೆತ್ತನೆಯ ರೊಟ್ಟಿ, ಬದನೆಕಾಯಿ ಪಲ್ಯ ಕಟ್ಟುತ್ತಿದ್ದಳು. ಅದು ಒಳಗೆ ಮೊದಲ ದಿನವೇ ಮುಗಿಯುತ್ತಿತ್ತು. ಆಮೇಲೆ ಇಪ್ಪತ್ತೊಂಬತ್ತು ದಿನ ಮೆಸ್ಸಿನ ಉಪ್ಪಿಟ್ಟು ಮತ್ತು ಮುಗಿಯದ ಲೆಕ್ಕಗಳು.

ಊಟಕ್ಕೆ ಕೂತಾಗ ದಾನಿ, "ಯವ್ವಾ, ಉಪ್ಪಿನ ಡಬ್ಬಿ ಎಲ್ಲೈತಿ?" ಎಂದಳು.

ಅವಳು ಹುಟ್ಟಿದಾಗಿನಿಂದಲೂ ಅದು ಒಲೆಯ ಪಕ್ಕದ ಗೂಡಿನಲ್ಲೇ ಇತ್ತು. ಕಸ್ತೂರೆವ್ವ ಕೈಯಲ್ಲಿ ರೊಟ್ಟಿ ಹಿಡಿದುಕೊಂಡೇ ಮಗಳ ಮುಖ ನೋಡಿದಳು. ಎದ್ದು ಹೋಗಿ ಉಪ್ಪು ತಂದಿಟ್ಟಳು.

ಮರುದಿನ ಮುಂಜಾನೆ ಊಟದ ಡಬ್ಬಿಯ ಬದಲು ದೊಡ್ಡದೊಂದು ಬಟ್ಟೆಗಂಟು ಕೊಟ್ಟಳು. ಒಳಗೆ ತಿಂಗಳಾದರೂ ಕೆಡದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ.

"ಮೂವತ್ತ ಅದಾವ. ದಿನಕ್ಕೊಂದ ತಿನ್ನು," ಎಂದು ಮಗಳ ಮುಖ ನೋಡದೆ ಸೆರಗು ಸರಿಮಾಡಿಕೊಂಡಳು. "ನನಗೂ ಇಲ್ಲೆ ಸಂಜಿ ಜಲ್ದಿ ಆಗೂದಿಲ್ಲವ್ವ."