ತಿಮಿಂಗಿಲದ ಹೊಟ್ಟೆ

"ಸಮುದ್ರದಾಗಿನ ಹೊಲಸು ತಿಂದು ಮೀನ ಸತ್ರ ನಮಗೇನು? ಉದಗೀರದಾಗ ಸಮುದ್ರ ಎಲ್ಲದ, ಮಯೂರಿ? ತೊಗರಿ ಬರೋ ಹೊತ್ತಾತು, ಇದನ್ನ ತೆಗಿ."

ಶಾಲೆಯ ಪ್ರದರ್ಶನಕ್ಕೆಂದು ಮಗಳು ಖಾಲಿ ಚೀಲಗಳನ್ನು ಹೊಲಿದು ಮಾಡಿದ ತಿಮಿಂಗಿಲ ಕಾಳು, ಎಣ್ಣೆಯ ಅಂಗಡಿಯ ಬಾಗಿಲಿಗೆ ಅಡ್ಡವಾಗಿ ಮಲಗಿತ್ತು. ಬಯ್ಯುತ್ತಲೇ ನಾಗನಾಥಪ್ಪನವರ ಕೈ, ಯಾವ ಚೀಲ ಕಂಡರೂ ಮಾಡುವಂತೆ, ಕಾಳಿನ ಮಾದರಿ ತೆಗೆಯುವ ಚೂಪು ಕೊಳವೆಯನ್ನು ಅದರ ಹೊಟ್ಟೆಗೆ ಚುಚ್ಚಿತು. ಅಂಗೈಗೆ ಹಳದಿ ಚೂರುಗಳು ಉದುರಿದವು. ಮಗಳ ಮುಖವನ್ನೇ ನೋಡುತ್ತ, ದಿನವೂ ಬೇಳೆಯನ್ನು ಪರೀಕ್ಷಿಸುವ ರೂಢಿಯಲ್ಲಿ, ಒಂದು ಚೂರನ್ನು ಬಾಯಿಗೆ ಹಾಕಿಕೊಂಡು ಕಡಿದರು.

ಅದು ಹಲ್ಲಿಗೆ ಒಡೆಯಲಿಲ್ಲ.

ಅಂಗೈ ನೋಡಿಕೊಂಡರು. ತಮ್ಮದೇ ಅಂಗಡಿಯಲ್ಲಿ ಮಾರಿದ ಎಣ್ಣೆಯ ಪ್ಲಾಸ್ಟಿಕ್ ಡಬ್ಬಿಗಳನ್ನು ಮಯೂರಿ ಬೇಳೆಯಷ್ಟು ಸಣ್ಣಗೆ ಕತ್ತರಿಸಿ ತುಂಬಿದ್ದಳು.

"ಅಪ್ಪಾ, ಉಗುಳ್ರಿ," ಎಂದು ಅವಳು ಗಾಬರಿಯಿಂದ ನೀರಿನ ತಂಬಿಗೆ ಚಾಚಿದಳು.

ನಾಗನಾಥಪ್ಪನವರು ಉಗುಳಲು ಎಂದಿನಂತೆ ಅಂಗಡಿಯ ಮುಂದಿನ ಗಟಾರದ ಮೇಲೆ ಬಗ್ಗಿದರು. ಕೆಳಗೆ ಕಪ್ಪು ನೀರು ಊರಾಚೆಯ ಹಳ್ಳದ ಕಡೆಗೆ ಹರಿದು ಹೋಗುತ್ತಿತ್ತು. ಅದು ಹೋಗುವ ದಿಕ್ಕನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬಾಯೊಳಗಿನ ಚೂರನ್ನು ಎರಡು ಬೆರಳಿನಿಂದ ತೆಗೆದು, ಅಂಗಿಯ ಕಿಸೆಯಲ್ಲಿ ಹಾಕಿಕೊಂಡರು.